ಮೂವತ್ತೊಂಬತ್ತೂವರೆ

ಬೂದು ಬಣ್ಣದ ಒಂದು ಎಳೆ, ಹೆಬ್ಬೆರಳಿಗೆ ಅಂಟಿಕೊಂಡಿದೆ, ಮೇಣ ಅಲ್ಲ, ನಮ್ಮ ಮೇಣ ಗುಲಾಬಿ, ಪ್ಲಾಸ್ಟರೂ ಅಲ್ಲ, ಅದು ಒತ್ತಿದರೆ ಪುಡಿಯಾಗುತ್ತೆ, ಇದು ಉರುಳುತ್ತೆ, ಎರಡು ಬೆರಳ ನಡುವೆ ಸಣ್ಣ ಹುಳುವಿನ ಹಾಗೆ ಉರುಳುತ್ತೆ — ರಬ್ಬರು, ಪೆನ್ಸಿಲ್ ಅಳಿಸುವ ರಬ್ಬರಿನ ಕಸ, ನನ್ನ ಮೇಜಿಗೆ ಇದು ಎಲ್ಲಿಂದ ಬಂತು, ಇಲ್ಲಿ ನಡೆಯೋದು ಹಲ್ಲು ಕಟ್ಟೋ ಕೆಲಸ, ಇಲ್ಲಿ ಯಾರೂ ಏನನ್ನೂ ಅಳಿಸಲ್ಲ, ತಪ್ಪಾದರೆ ಕರಗಿಸಿ ಮತ್ತೆ ಕಟ್ಟುತ್ತೇವೆ. ಅಣ್ಣನ ಫುಟ್‌ಬಾಲ್ ಕಾರ್ಡಿನ ಆಲ್ಬಮ್ಮಿನಿಂದ ಉದುರಿದ್ದು. ಪುಟ ತಿರುಗಿಸಿದೆ, ಇನ್ನೊಂದು ಎಳೆ ಬಿತ್ತು, ಇಪ್ಪತ್ತೇಳನೇ ನಂಬರಿನ ಪ್ಲಾಸ್ಟಿಕ್ ಜೇಬಿನಿಂದ. ಬೆಳಿಗ್ಗೆ ಪುಟ್ಟ ತಂದಿಟ್ಟು ಹೋದ, ನಲವತ್ತಾರು ವರ್ಷದ ಪುಟ್ಟ, ತಲೆಯ ಮೇಲೆ ಒಂದು ಕೂದಲಿಲ್ಲ, ನನ್ನ ಬೆನ್ನ ಹಿಂದೆ ಹುಟ್ಟಿದ ತಪ್ಪಿಗೆ ಇನ್ನೂ ಪುಟ್ಟ — ಎಲ್ಲಾ ಕ್ಲೀನ್ ಮಾಡಿದೀನಿ ಅಕ್ಕ, ನೀನೊಂದು ಸೈನ್ ಹಾಕಿಡು, ನಾಲ್ಕಕ್ಕೆ ಬರ್ತೀನಿ, ಗ್ರೇಡಿಂಗ್‌ನವನು ಐದಕ್ಕೆ ಬಾಗಿಲು ಹಾಕ್ತಾನೆ. ನಾನೂ ಹೂಂ ಅಂದೆ, ಬಾಯಲ್ಲಿ ಮೇಣ ಕೆತ್ತೋ ಕಡ್ಡಿ ಕಚ್ಚಿಕೊಂಡು ಹೂಂ ಅಂದೆ, ಕ್ಲೀನ್ ಅಂದರೆ ಮೇಲಿನ ಧೂಳು ಒರೆಸಿರ್ತಾನೆ ಅಂದುಕೊಂಡೆ, ಎಂಥಾ ಪೆದ್ದಿ ನಾನು, ಧೂಳು ಒರೆಸೋದಕ್ಕೆ ಯಾರಾದರೂ ರಬ್ಬರು ತಗೊಳ್ತಾರಾ.

ಫೋನ್ ಮಾಡಿದೆ. ಹಿಂದೆ ಪೆನ್ಸಿಲಲ್ಲಿ ಗೀಚಿತ್ತಲ್ಲ ಅಕ್ಕ, ಗ್ರೇಡಿಂಗ್‌ನವನೇ ಹೇಳಿದ್ದನಲ್ಲ, ಅದನ್ನ ತೆಗೆದೆ, ಒಳ್ಳೇ ಮೆತ್ತನೆ ರಬ್ಬರು, ಕಾಗದಕ್ಕೆ ಏನೂ ಆಗಿಲ್ಲ. ಏನು ಬರೆದಿತ್ತೋ. ಯಾರಿಗೆ ಗೊತ್ತು, ಏನೋ ಮಕ್ಕಳ ಗೀಚು. ಓದಲಿಲ್ವಾ. ಅಯ್ಯೋ ಅಕ್ಕ, ಅಳಿಸೋಕೆ ಕೂತೋನು ಓದ್ತಾ ಕೂರ್ತಾನಾ. ಫೋನ್ ಇಟ್ಟೆ, ಇಡದಿದ್ದರೆ ಅದನ್ನ ಪ್ಲಾಸ್ಟರ್ ಬಕೆಟ್ಟಿಗೆ ಹಾಕಿಬಿಡ್ತಿದ್ದೆ. ಸತ್ತ ಅಣ್ಣನ ಕೈಬರಹ, ಅಳಿಸುವ ಮುಂಚೆ ಒಂದು ಸಲ ಕಣ್ಣು ಹಾಯಿಸೋಕೆ ಎಷ್ಟು ಹೊತ್ತು ಬೇಕು, ಅವನ ರಬ್ಬರಿಗೆ ಬೆಂಕಿ ಬೀಳ. ಹೋದ ವಾರ ಆ ಗ್ರೇಡಿಂಗ್ ಅಂಗಡಿಗೆ ನಾನೂ ಹೋಗಿದ್ದೆನಲ್ಲ, ಇಬ್ಬರ ಸಹಿ ಬೇಕು ಅಂತ, ಅಣ್ಣ ಬರೆದಿಟ್ಟದ್ದೇ ಹಾಗೆ, ಕಾರ್ಡುಗಳು ತಂಗಿಗೂ ತಮ್ಮನಿಗೂ ಸೇರಿ. ಬಿಳೀ ಕೈಗವಸು ಹಾಕಿಕೊಂಡ ಗ್ರೇಡಿಂಗ್‌ನವನು, ಕಣ್ಣಿಗೆ ಲೆನ್ಸು, ಒಂದೊಂದೇ ಕಾರ್ಡನ್ನ ಇಕ್ಕಳದಲ್ಲಿ ಎತ್ತಿ ಎತ್ತಿ ನೋಡೋದು, ಹೆರಿಗೆ ವಾರ್ಡಿನಲ್ಲಿ ಕೂಸು ಎತ್ತಿದ ಹಾಗೆ. ಮೂಲೆ ನೋಡ್ತೀವಿ ಮೇಡಂ, ಅಂಚು ನೋಡ್ತೀವಿ, ಮೈ ನೋಡ್ತೀವಿ, ಚಿತ್ರ ನಡುಮಧ್ಯಕ್ಕೆ ಕೂತಿದೆಯಾ ನೋಡ್ತೀವಿ, ಆಮೇಲೆ ಹತ್ತಕ್ಕೆ ಇಷ್ಟು ಅಂತ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡ್ತೀವಿ, ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ, ಒಡೆದರೆ ಗ್ರೇಡ್ ಹೋಯ್ತು. ಹತ್ತಕ್ಕೆ ಇಷ್ಟು. ಸ್ಕೂಲಲ್ಲಿ ಅಣ್ಣನಿಗೆ ಯಾವತ್ತೂ ಹತ್ತಕ್ಕೆ ನಾಲ್ಕರ ಮೇಲೆ ಬಂದದ್ದಿಲ್ಲ, ಸತ್ತ ಮೇಲೆ ಮತ್ತೆ ಪರೀಕ್ಷೆಗೆ ಕೂರಿಸ್ತಿದ್ದಾರೆ. ಇಪ್ಪತ್ತೇಳು ಬಂದಾಗ ಮಾತ್ರ ಅವನ ಇಕ್ಕಳ ನಿಂತಿತು. ಇದು ಮುಕ್ಕು, ಅಂದ. ಮೂಲೆ ಪೂರ್ತಿ ಹೋಗಿದೆ, ಇದೇನು, ಇಲಿ ಕಡಿದಿದೆಯಾ. ಪುಟ್ಟ ನಕ್ಕ, ನನ್ನ ಕಡೆ ನೋಡಿ ನಕ್ಕ, ಮೊಣಕೈಯಲ್ಲಿ ತಿವಿದ, ಹೂಂ ಸಾರ್, ಇಲಿ. ಹಿಂದೆ ಬೇರೆ ಯಾರೋ ಗೀಚಿದಾರೆ, ಅಂದ ಗ್ರೇಡಿಂಗ್‌ನವನು, ಅದನ್ನ ತೆಗೆದರೂ ಇದಕ್ಕೆ ಹತ್ತಕ್ಕೆ ಒಂದು ಸಿಕ್ಕರೆ ಹೆಚ್ಚು, ಬೇಕಾದರೆ ನನ್ನ ಹತ್ತಿರ ಇಪ್ಪತ್ತೇಳು ಇನ್ನೊಂದಿದೆ, ಒಳ್ಳೇ ಸ್ಥಿತಿಯಲ್ಲಿದೆ, ಅದನ್ನ ಹಾಕಿದರೆ ಸೆಟ್ ಪೂರ್ತಿ. ತಿರುಗಿಸಿ ಹಿಡಿದಿದ್ದ, ನನ್ನ ಮೂಗಿನ ಮುಂದೆಯೇ, ನಾನು ಓದೋ ಕನ್ನಡಕ ಲ್ಯಾಬಲ್ಲಿ ಬಿಟ್ಟುಬಂದಿದ್ದೆ, ಬೂದು ಬೂದಾಗಿ ಒಂದು ಸಾಲು ಕಂಡಿತು, ಅಷ್ಟೇ, ಕನ್ನಡಕ ತರದ ಈ ಕಣ್ಣಿಗೂ ಬೆಂಕಿ ಬೀಳ.

ಇಲಿಯಂತೆ. ಹಲ್ಲು ಕಟ್ಟಿ ಕಟ್ಟಿ ಇಪ್ಪತ್ತೆಂಟು ವರ್ಷ ಆಯ್ತು, ಹಾಲುಹಲ್ಲಿನ ಗುರುತು ಯಾವುದು ಇಲಿಯದ್ದು ಯಾವುದು ಅಂತ ನನಗೆ ಇವನು ಹೇಳಬೇಕಾ, ಮೇಲಿನ ಸಾಲಿನ ನಾಲ್ಕು, ಎಡಗಡೆಯದು ಸ್ವಲ್ಪ ಒಳಗೆ ಸರಿದಿದೆ, ನನ್ನವು. ಆರು ವರ್ಷ ನನಗೆ, ಅಣ್ಣನಿಗೆ ಹನ್ನೊಂದು, ಮನೆಯ ಹಿಂದೆ ಸಿಮೆಂಟಿನ ಓಣಿ, ಒಂದು ಕಡೆ ನೀರಿನ ಡ್ರಮ್ಮು, ಒಂದು ಕಡೆ ಗೋಡೆ, ನಡುವೆ ಗೋಲು, ನಾನು ನಿಲ್ತೀನಿ ಅಂದೆ, ಇವತ್ತು ನಾನು ನಿಲ್ತೀನಿ ಅಣ್ಣಾ — ನಿಂಗೆ ಚೆಂಡು ಹಿಡಿಯೋಕೆ ಬರಲ್ಲ, ಹೋಗೇ, ಹೋಗಿ ಚೆಂಡು ಹೆಕ್ಕಿಕೊಂಡು ಬಾ. ಹೆಕ್ಕಿದೆ, ಎಷ್ಟು ಸಲ ಹೆಕ್ಕಿದೆ, ಚರಂಡಿಯಿಂದ, ಪಕ್ಕದ ಮನೆ ಕಾಂಪೌಂಡಿಂದ, ಆಮೇಲೆ ಒಳಗೆ ಹೋದೆ. ಚೂಯಿಂಗ್ ಗಮ್ ಪೊಟ್ಟಣದೊಳಗೆ ಒಂದೊಂದು ಕಾರ್ಡು ಬರೋ ಕಾಲ, ಒಟ್ಟು ನಲವತ್ತು ಆಟಗಾರರು, ಅಣ್ಣ ಎರಡು ವರ್ಷ ಗಮ್ ಅಗಿದು ಅಗಿದು ಕೂಡಿಸಿದ್ದ, ಕೊನೆಗೆ ಸಿಕ್ಕಿದ್ದೇ ಇಪ್ಪತ್ತೇಳು, ಗೋಲ್‌ಕೀಪರು, ಹಸಿರು ಜೆರ್ಸಿ, ನೆಲದಿಂದ ಎರಡಡಿ ಮೇಲೆ ಗಾಳಿಯಲ್ಲಿ ಅಡ್ಡ ಮಲಗಿದ ಹಾಗೆ, ಎರಡೂ ಕೈ ಚಾಚಿ, ಬೆರಳ ತುದಿಯಾಚೆ ಬಲ ಮೂಲೆಯಲ್ಲಿ ಚೆಂಡು. ಆ ಚೆಂಡನ್ನ ಕಚ್ಚಿದೆ. ಕಚ್ಚಿ ಹರಿದು ನುಂಗಿದೆ. ರುಚಿ ಇನ್ನೂ ನೆನಪಿದೆ, ಗಮ್ಮಿನ ಸಿಹಿ, ಹಿಂದೆಯೇ ಒದ್ದೆ ರಟ್ಟು. ಅಮ್ಮ ಬಾಯೊಳಗೆ ಬೆರಳು ಹಾಕಿದಳು, ಏನೂ ಸಿಗಲಿಲ್ಲ. ಅಣ್ಣ ಹೊಡೆಯಲಿಲ್ಲ, ಹೊಡೆದಿದ್ದರೆ ಅಲ್ಲಿಗೇ ಮುಗೀತಿತ್ತು, ಎರಡು ದಿನ ಕಕ್ಕಸಿನ ಬಾಗಿಲ ಹೊರಗೆ ನಿಂತ, ಬಂತೇನೇ, ಚೆಂಡು ಬಂತೇನೇ. ಬರಲಿಲ್ಲ. ಆಮೇಲೆ ಯಾರು ಕೇಳಿದರೂ ನನ್ನ ಹತ್ತಿರ ಮೂವತ್ತೊಂಬತ್ತೂವರೆ ಕಾರ್ಡಿದೆ ಅನ್ನೋನು, ನನ್ನ ಹೆಸರು ಮುಕ್ಕಿ ಆಯಿತು.

ಮುಕ್ಕಿ. ಅಂಗಳದಲ್ಲಿ ಮುಕ್ಕಿ, ಸ್ಕೂಲಿನ ಗೇಟಲ್ಲಿ ಮುಕ್ಕಿ, ಮದುವೆ ದಿನ ಗಂಡಿನ ಕಡೆಯವರ ಎದುರಿಗೇ ಏ ಮುಕ್ಕಿ, ನಗೇ ಸ್ವಲ್ಪ, ಫೋಟೋದವನು ಕಾಯ್ತಿದಾನೆ. ಅತ್ತೆ ಅದನ್ನ ಹಿಡಿದುಕೊಂಡರು, ಎಲ್ಲಿ ಮುಕ್ಕಾಗಿದ್ದೀಯಮ್ಮ, ನಮಗೂ ತೋರಿಸು, ಕೊಂಡ ಮೇಲೆ ಗೊತ್ತಾಗೋದು ಬೇಡ, ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ, ನಗದೆ ಏನು ಮಾಡೋದು, ಅಂಚು ಒಡೆದ ಬಟ್ಟಲಿನ ಹಾಗೆ ಅವತ್ತಿಂದ ಬಾಯಿ ಮುಚ್ಚಿ ನಗೋದು ಕಲಿತೆ, ಊರಿನ ಬಾಯಿಗೆಲ್ಲ ಹಲ್ಲು ಕಟ್ಟಿಕೊಡುವವಳು. ಅಣ್ಣ ಆಲ್ಬಮ್ ಮುಟ್ಟೋಕೂ ಬಿಡ್ತಿರಲಿಲ್ಲ, ಕೈ ತೊಳಕೊಂಡು ಬಾ, ಬಾಯಿ ಕಟ್ಟಿಕೊಂಡು ಬಾ, ಅಲ್ಲಿಂದಲೇ ನೋಡು, ಬಂದವರಿಗೆಲ್ಲ ಆ ಪುಟವನ್ನೇ ತೆಗೆದು ತೋರಿಸೋನು, ಇದು ನಮ್ಮ ಮುಕ್ಕಿ ಕೆಲಸ — ನಲವತ್ತನಾಲ್ಕು ವರ್ಷ ನನ್ನ ಮೇಲಿನ ಸಾಕ್ಷಿ ಅಂತ ಇಟ್ಟುಕೊಂಡಿದ್ದಾನೆ ಅಂದುಕೊಂಡೆ, ಈ ಕಾರ್ಡು ಬೇರೆಯವರ ಪಾಲಾಗಲಿ, ಹರಿದು ಹೋಗಲಿ ಅಂದುಕೊಂಡೆ, ಪುಟ್ಟ ಗ್ರೇಡಿಂಗ್ ಅಂದಾಗ ಒಳಗೊಳಗೇ ಸರಿ ಅನ್ನಿಸಿದ್ದೂ ಅದಕ್ಕೇ, ಮುಕ್ಕನ್ನ ತೆಗೆದು ಒಳ್ಳೇದು ಹಾಕಲಿ, ಸೀಲ್ ಮಾಡಲಿ, ಮುಗೀಲಿ. ಬರ್ನರಿನ ಉರಿ ಹಳದಿಯಾಗಿದೆ, ಕಡಿಮೆ ಮಾಡಬೇಕು, ರಿಟೈರ್ಡ್ ಕಂಡಕ್ಟರರ ಹಲ್ಲಿನ ಸೆಟ್ಟು ಇವತ್ತೇ ಆಗಬೇಕು, ಡಾಕ್ಟರ ಚೀಟಿಯಲ್ಲಿ ಸಾಲು ಒಂದೇ ಸಮ ಅಂತಿದೆ, ಕಂಡಕ್ಟರು ಫೋನಲ್ಲಿ, ಮುಂದಿನ ಸಂದಿ ಬಿಡಿ ತಾಯೀ, ಮೂವತ್ತು ವರ್ಷ ಅದರಲ್ಲೇ ಸೀಟಿ ಹೊಡೆದೋನು ನಾನು, ಡಾಕ್ಟರಿಗೆ ಹೇಳಬೇಡಿ. ಎಲ್ಲರಿಗೂ ಅವರವರ ಬಾಯಿ ಗೊತ್ತು. ಆಸ್ಪತ್ರೆಯಲ್ಲಿ ಕಡೇ ವಾರ, ಡ್ರಿಪ್ ಬದಲಿಸೋಕೆ ನರ್ಸ್ ಬಂದಳು, ಅಣ್ಣ ಅಂದ, ಇವಳು ನನ್ನ ತಂಗಿ, ಮುಕ್ಕಿ — ಆ ಹುಡುಗಿ ನಕ್ಕಳು, ನನಗೆ ಎಲ್ಲಿತ್ತೋ ಸಿಟ್ಟು, ನಲವತ್ತು ವರ್ಷದ ಸಿಟ್ಟು, ನಂಗೊಂದು ಹೆಸರಿದೆ, ಅಂದೆ, ಸಾಯೋ ಹೊತ್ತಿಗಾದರೂ ಅದರಲ್ಲಿ ಕರೆಯೋದು ಕಲಿ ಅಂದುಬಿಟ್ಟೆ, ಸಾಯೋ ಹೊತ್ತಿಗೆ ಅಂದೆ, ಈ ಬಾಯಲ್ಲೇ ಅಂದೆ. ಅವನು ಗೋಡೆ ಕಡೆ ತಿರುಗಿಕೊಂಡ. ಆಮೇಲೆ ಎರಡು ಸಲ ನನ್ನ ಹೆಸರು ಹಿಡಿದು ಕರೆದ, ನೀರು ಕೊಡು ಅಂತ ಒಂದು ಸಲ, ಕಿಟಕಿ ಹಾಕು ಅಂತ ಒಂದು ಸಲ, ಹಾಜರಿ ಪುಸ್ತಕ ನೋಡಿ ಕರೆದ ಹಾಗೆ, ಪೂರ್ತಿ ಹೆಸರು. ಹಾಜರ್ ಅನ್ನೋದೊಂದು ಬಾಕಿ. ಅವನು ಹೋಗಿ ಎಂಟು ತಿಂಗಳಾಯ್ತು. ಮುಕ್ಕಿ ಅನ್ನೋಕೆ ಈಗ ಯಾರೂ ಇಲ್ಲ, ನಾನು ಕೇಳಿದ್ದೇ ಸಿಕ್ಕಿತು.

ಒತ್ತು. ಪೆನ್ಸಿಲಿನ ಕಪ್ಪು ಹೋಗಿರಬಹುದು ಕಣೋ ಪುಟ್ಟ, ಒತ್ತು ಎಲ್ಲಿಗೆ ಹೋಗುತ್ತೆ. ಅಣ್ಣ ಒತ್ತಿ ಬರೆಯೋನು, ಅವನು ಒಂದು ಹಾಳೆಯಲ್ಲಿ ಬರೆದರೆ ಕೆಳಗಿನ ಮೂರು ಹಾಳೆಯಲ್ಲಿ ಓದಬಹುದು, ಅಮ್ಮ ಬೈಯೋಳು, ನೋಟ್‌ಬುಕ್ ಉಳ್ತಿದೀಯೇನೋ ಅಂತ. ಕನ್ನಡಕ ಹಾಕಿಕೊಂಡೆ, ಕಾರ್ಡನ್ನ ಜೇಬಿನಿಂದ ತೆಗೆದೆ, ಕೈ ತೊಳೆದಿಲ್ಲ, ಬಾಯಿ ಕಟ್ಟಿಲ್ಲ, ಬೇಕಾದರೆ ಎದ್ದು ಬಂದು ಬೈಯಲಿ. ಬೆಂಚಿನ ದೀಪವನ್ನ ಪೂರ್ತಿ ಕೆಳಗಿಳಿಸಿ ಅಡ್ಡಕ್ಕೆ ತಿರುಗಿಸಿದೆ, ಬೆಳಕು ಕಾಗದದ ಮೈ ಸವರಿಕೊಂಡು ಹೋಗಬೇಕು, ಎದುರಿಗೆ ಬಿದ್ದರೆ ಏನೂ ಕಾಣಲ್ಲ, ದವಡೆಯ ಅಚ್ಚಿನಲ್ಲಿ ಕೂದಲೆಳೆ ಬಿರುಕು ಹುಡುಕೋದು ಹೀಗೇ, ದಿನಾ ಮಾಡೋ ಕೆಲಸ. ಮೊದಲು ರಬ್ಬರು ಉಜ್ಜಿದ ಮಂಕು. ಕಾರ್ಡನ್ನ ಸ್ವಲ್ಪ ಓರೆ ಮಾಡಿದೆ, ಒಂದು ಬಾಲ ಕಂಡಿತು, ಅವನ ಳಕಾರದ ಬಾಲ, ಸಾಲು ಬಿಟ್ಟು ಕೆಳಗಿಳಿಯೋ ಉದ್ದ ಬಾಲ, ಆಮೇಲೆ ಅದರ ಹಿಂದಿನದು, ಅದರ ಹಿಂದಿನದು, ಸಣ್ಣ ಸಣ್ಣ ಕಾಲುವೆ, ಒಂದು ಕಡೆ ನೆರಳು ಒಂದು ಕಡೆ ಬಿಳುಪು — ಚೆಂಡು. ಮುಕ್ಕಿ. ಹಿಡಿದಳು. ಚೆಂಡು ಮುಕ್ಕಿ ಹಿಡಿದಳು, ಕೆಳಗೆ ಗೆರೆ ಎಳೆದು, ಗೋಲಾಗಿಲ್ಲ. ಅಷ್ಟೇ. ಹನ್ನೊಂದು ವರ್ಷದವನ ಅಕ್ಷರ, ದೊಡ್ಡವನಾದ ಮೇಲೆ ಬರೆದದ್ದಲ್ಲ, ಅವತ್ತೇ ಬರೆದದ್ದು, ಕಕ್ಕಸಿನ ಬಾಗಿಲಲ್ಲಿ ಕಾದು ಕಾದು ಸಾಕಾಗಿ ಬಂದು ಬರೆದದ್ದು. ಮುಕ್ಕಾದವಳು ಅಂತಲ್ಲ. ಮುಕ್ಕಿದವಳು, ಒಂದೇ ತುತ್ತಿಗೆ, ಗೋಲಾಗೋ ಮುಂಚೆ. ನಿಂಗೆ ಚೆಂಡು ಹಿಡಿಯೋಕೆ ಬರಲ್ಲ ಅಂದ ಬಾಯಿಗೆ ಹಿಡಿದಳು ಅಂತ ಹೇಳೋಕೆ ಏನಾಗಿತ್ತು ದೊಡ್ಡ ರೋಗ, ಬರೆದು ಮುಚ್ಚಿಟ್ಟು ನಲವತ್ತನಾಲ್ಕು ವರ್ಷ ಮುಕ್ಕಿ ಮುಕ್ಕಿ ಅಂತ ಕರೆದು, ನನಗೆ ಗೊತ್ತಿದೆ ಅಂದುಕೊಂಡಿದ್ದನಾ, ಹೊಗಳ್ತಿದ್ದೀನಿ ಅಂದುಕೊಂಡಿದ್ದನಾ, ಎಂಥಾ ಮೂದೇವಿ ಅಣ್ಣ, ಒಂದು ಸಲ ಆ ಕಾರ್ಡನ್ನ ತಿರುಗಿಸಿ ತೋರಿಸಬಾರದಿತ್ತಾ, ಬಂದೋರಿಗೆಲ್ಲ ಮುಂದಿನ ಬದಿ ತೋರಿಸ್ತಿದ್ದನಲ್ಲ. ಆಸ್ಪತ್ರೆಯಲ್ಲಿ ಅದಕ್ಕೇ ಗೋಡೆ ಕಡೆ ತಿರುಗಿಕೊಂಡ. ನಂಗೊಂದು ಹೆಸರಿದೆ ಅಂದೆನಲ್ಲ, ಅದಕ್ಕೇ.

ಮೂರೂ ಮುಕ್ಕಾಲು. ಫಾರಮ್ಮು ಮೇಣದ ತಟ್ಟೆಯ ಪಕ್ಕ ಬಿದ್ದಿದೆ, ಒಂದು ಮೂಲೆಗೆ ಗುಲಾಬಿ ಹನಿ ತಾಗಿದೆ, ಅದಕ್ಕೆ ಎಷ್ಟು ಮಾರ್ಕು ಕಟ್ ಮಾಡ್ತಾನೋ ಆ ಗ್ರೇಡಿಂಗ್‌ನವನು, ಮಾಡ್ಕೊಳ್ಳಲಿ. ವಸ್ತುವಿನ ವಿವರ, ದೋಷಗಳಿದ್ದರೆ ತಿಳಿಸಿ, ಮುಕ್ಕು ಮಡಿಕೆ ಕಲೆ ಬರಹ, ಬೇಡದ್ದನ್ನು ಹೊಡೆದುಹಾಕಿ. ಕಾರ್ಡುಗಳ ಸಂಖ್ಯೆ ಅನ್ನೋ ಜಾಗದಲ್ಲಿ ಪುಟ್ಟ ಮೊದಲೇ ನಲವತ್ತು ಅಂತ ಬರೆದಿದ್ದಾನೆ, ಇಂಕಿನಲ್ಲಿ, ಇದಕ್ಕೆ ರಬ್ಬರು ಹತ್ತಲ್ಲ. ಹೊಡೆದುಹಾಕಿದೆ. ಮೂವತ್ತೊಂಬತ್ತು ಅಂತ ಬರೆದೆ, ಒತ್ತಿ ಬರೆದೆ, ಕೆಳಗೆ ಸಹಿ ಹಾಕಿದೆ. ಹೋಗಲಿ ಮೂವತ್ತೊಂಬತ್ತು, ಲೆನ್ಸಿನಲ್ಲಿ ನೋಡಲಿ, ಹತ್ತಕ್ಕೆ ಹತ್ತು ಕೊಡಲಿ, ಆ ಅಂಗಡಿಯವನು ತನ್ನ ಒಳ್ಳೇ ಇಪ್ಪತ್ತೇಳನ್ನ ಖಾಲಿ ಜೇಬಿಗೆ ತುರುಕಿದರೆ ತುರುಕಲಿ, ಆ ಗೋಲ್‌ಕೀಪರಿಗೆ ಚೆಂಡು ಯಾವತ್ತೂ ಒಂದು ಬೆರಳು ಆಚೆಗೇ. ಪುಟ್ಟ ಕೂಗಾಡ್ತಾನೆ, ಸೆಟ್ ಒಡೆದೆಯಲ್ಲ ಅಕ್ಕ, ಅಂತಾನೆ, ಅಂದುಕೊಳ್ಳಲಿ, ಒಡೆದು ನಲವತ್ತನಾಲ್ಕು ವರ್ಷ ಆಯ್ತು ಕಣೋ, ಅದನ್ನ ಒಡೆದದ್ದು ಇಲಿಯಲ್ಲ ಅಂತ ಹೇಳ್ತೀನಿ, ಕೂರು ಇಲ್ಲಿ ಅಂತೀನಿ, ದೀಪದ ಪಕ್ಕಕ್ಕೆ ಕತ್ತು ಓರೆ ಮಾಡು, ಓದು, ನಿನ್ನ ರಬ್ಬರು ಏನು ತಿಂದಿತು ಅಂತ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಅವನದೇ, ಎರಡೆರಡು ಮೆಟ್ಟಿಲು ಹಾರಿ ಬರೋದು ಈ ವಯಸ್ಸಿಗೂ ಬಿಟ್ಟಿಲ್ಲ. ಕಾರ್ಡು ಏಪ್ರನ್ ಜೇಬಿಗೆ ಹೋಗಬೇಕು, ಹೋಗ್ತಿಲ್ಲ, ಕೈ ತಿರುಗಿಸಿ ಮುಂದಿನ ಬದಿಯನ್ನೇ ಹಿಡಿದು ನಿಂತಿದೆ, ಹಸಿರು ಜೆರ್ಸಿ, ನಾಲ್ಕು ಸಣ್ಣ ಹಲ್ಲು, ಮೂಲೆ ಇಲ್ಲ, ಇಲ್ಲದ ಮೂಲೆಯ ಕಡೆಗೆ ಎರಡೂ ಕೈ ಚಾಚಿ ಗಾಳಿಯಲ್ಲೇ ಇದ್ದಾನೆ, ಇನ್ನೂ ನೆಲ ಮುಟ್ಟಿಲ್ಲ, ಎರಡೂ ಕೈ, ಚೆಂಡಿಲ್ಲ, ಗೋಲಾಗಿಲ್ಲ, ಗೋಲಾಗಿಲ್ಲ