ತಮ್ಮಯ್ಯನ ಗಾಡಿ ಕೈಕೊಟ್ಟ ದಿನ

ಹದಿನೇಳನೇ ಸಲ ಕಿಕ್ ಹೊಡೆದಾಗಲೂ ಮೋಟಾರು ಸೈಕಲ್ಲು ಬುಸ್ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ತಮ್ಮಯ್ಯ ಬೆವರು ಒರೆಸಿಕೊಂಡ.

"ಏನ್ಲಾ, ಆಯ್ತದಾ ಇಲ್ವಾ?" ಜಗಲಿಯಿಂದ ದೊಡ್ಡಯ್ಯ ಕೂಗಿದ. ಸತ್ತ ಪಾಲಾಕ್ಷನ ದೊಡ್ಡಪ್ಪ ಅವನು. "ಒತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು ಕಣ್ಲಾ."

ಒಳಗೆ ಪಾಲಾಕ್ಷನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಎಲ್ಲ ಸಿದ್ಧ, ಜಂಗಮರಾದ ಅಯ್ಯನವರೊಬ್ಬರೇ ಇಲ್ಲ. ಅವರು ಬಂದು ಸತ್ತವನ ತಲೆಯ ಮೇಲೆ ಪಾದವಿಡದೆ ಆ ಮನೆಯವರು ಹೆಣ ಎತ್ತುವುದಿಲ್ಲ. ಅಯ್ಯನವರೋ ಅರಕಲಗೂಡಿನಲ್ಲಿ ಯಾರದೋ ಮದುವೆಗೆ ಹೋಗಿ ಕೂತಿದ್ದರು. ಬೆಳಗಿನ ಬಸ್ಸು ಹೊರಟುಹೋಗಿತ್ತು. ಹರದನಹಳ್ಳಿಗೆಲ್ಲ ಇದ್ದದ್ದು ಈ ಒಂದು ಗಾಡಿ, ಅದೂ ಕಾಫಿ ತೋಟದ ದೊರೆಯೊಬ್ಬ ಚೆನ್ನಾಗಿ ಸವೆಸಿ ಮಾರಿದ್ದು. ಹಾಳಾದ್ದು ಇವತ್ತೇ ಹಟ ಹಿಡಿಯಬೇಕೇ!

ತಮ್ಮಯ್ಯ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಕಿಕ್ ಹೊಡೆದ. ಕಿಡಿಯಿಲ್ಲ. ಬೇರೆ ಪ್ಲಗ್ಗು ಹಾಕಿದ. ವೈರು ಬದಲಾಯಿಸಿದ. ಊಹೂಂ. ಅಲ್ಲಿಂದ ಮುಂದಕ್ಕೆ ಅವನಿಗೆ ಗೊತ್ತಿರಲಿಲ್ಲ. ಮುಂದಿನದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಒಳಗೆ ಗೋಡೆಗೆ ಒರಗಿ ಕೂತಿದ್ದ.

*

ಹನ್ನೊಂದು ವರ್ಷದ ಹಿಂದೆ ಹಾಸನದ ಬಸ್ಸಿನ ಮಾಲೀಕರೊಬ್ಬರು ತಮ್ಮಯ್ಯನನ್ನು ಡ್ರೈವರ್ ಕೆಲಸಕ್ಕೆ ಬರಹೇಳಿದ್ದರು. ಸೋಮವಾರ ಹತ್ತು ಗಂಟೆಗೆ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಭಾನುವಾರ ಸಂಜೆ ಗೆಳೆಯ ಪಾಲಾಕ್ಷನೇ ಬಂದು ಗಾಡಿ ಒರೆಸಿ, ಎಣ್ಣೆ ಬಿಟ್ಟು ಹೋಗಿದ್ದ. ಬೆಳಿಗ್ಗೆ ನೋಡಿದರೆ ಕಿಡಿಯೇ ಇಲ್ಲ.

ಪಾಲಾಕ್ಷ ಓಡಿಬಂದ. ಅದನ್ನು ಹಿಡಿ, ಇದನ್ನು ಒತ್ತು ಎಂದು ಹೇಳಿ ಹೇಳಿ ತಮ್ಮಯ್ಯನ ಇದ್ದೊಂದು ಒಳ್ಳೇ ಅಂಗಿಗೆಲ್ಲ ಮಸಿ ಮೆತ್ತಿಸಿದ.

"ಕಿಡಿ ಕೊಡೋ ಮ್ಯಾಗ್ನೆಟೋ ಸುಟ್ಟೋಗದೆ ಕಣ್ಲಾ. ಈ ಅಂಗೀಲಿ ನೀನು ಬಸ್ಸತ್ತಿ ಓದ್ರೆ ಅವ್ರು ಒಳೀಕೆ ಬುಟ್ಟಾರಾ? ನಾನು ಓಗಿ, ನಾಳೆ ಬತ್ತಾನೆ ಅಂತ ಯೋಳ್ಬುಟ್ಟು ಬತ್ತೀನಿ."

ಸಂಜೆ ಬಂದವನ ಕಂಕುಳಲ್ಲಿ ಖಾಕಿ ಬಟ್ಟೆಯಿತ್ತು. "ಏನ್ಮಾಡ್ಲೋ, ನಾಳೆಗಂಟ ಕಾಯಾಕಿಲ್ಲ, ನೀನೇ ಸೇರ್ಕೊ ಅಂದ್ಬುಟ್ರು" ಎಂದು ಅತ್ತ. ತಮ್ಮಯ್ಯನೇ ಅವನ ಬೆನ್ನು ಸವರಿದ. ಓಗ್ಲಿ ಬುಡು, ಕೆಲಸ ನಮ್ಮೂರಿಗೇ ಬಂತಲ್ಲ ಎಂದು ಬೀದಿಗೆಲ್ಲ ಬೆಲ್ಲವನ್ನೂ ಹಂಚಿದ. ಎಂಟು ದಿನ ಬಿಟ್ಟು ಪಾಲಾಕ್ಷ ಏನೋ ಮಾಡಿ ಗಾಡಿಯನ್ನು ಸರಿಮಾಡಿಕೊಟ್ಟ. ಅಂದಿನಿಂದ ತಮ್ಮಯ್ಯ ಅದರ ಮೇಲೆ ರಾಮನಾಥಪುರದ ಸಾಹುಕಾರರ ಹೊಗೆಸೊಪ್ಪಿನ ಮೂಟೆ ಹೇರಿಕೊಂಡು ಊರೂರು ತಿರುಗಿದ.

*

"ಅಣ್ಣಾ, ಪ್ಲಗ್ಗು ಬುಡಿ." ಪಾಲಾಕ್ಷನ ಹೆಂಡತಿ ದಾಕ್ಷಾಯಣಮ್ಮ ಹೊಸ್ತಿಲಿಗೆ ಬಂದಿದ್ದಳು. ಕಣ್ಣು ಊದಿಕೊಂಡಿತ್ತು. "ಕೆಳಗಡೆ ಒಂದು ಪುಟ್ಟ ಮುಚ್ಚಳ ಅದೆ, ಅದ ಬಿಚ್ಚಿ. ಒಳಗೆ ಎರಡು ಮೊಳೆ ಒಂದಕ್ಕೊಂದು ತಾಕಿ ತಾಕಿ ಬುಡ್ತವೆ. ನಡುವೆ ಕೊಳೆ ಕೂತ್ರೆ ಕಿಡಿ ಬರಾಕಿಲ್ಲ."

ತಮ್ಮಯ್ಯ ಬಿಚ್ಚಿದ. ಮೊಳೆಯ ತುದಿಗಳು ಮಸಿ ಹಿಡಿದಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ ಕಿಕ್ ಹೊಡೆದರೆ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟಕ್ಕೆಂದಿತು.

"ಅಬ್ಬಾ! ಇದೆಲ್ಲ ನಿಂಗೆಂಗವ್ವಾ ಗೊತ್ತು?"

"ಅವ್ರೇ ಯೋಳಿದ್ರಲ್ಲಣ್ಣಾ. ನೀವು ಹಾಸನದ ಕೆಲಸಕ್ಕೆ ಓಗೋ ಹಿಂದಿನ ಸಂಜೆ, ನಿಮ್ಮ ಗಾಡೀಲಿ ಕಿಡಿ ಬರ್ದಂಗೆ ಅವ್ರು ಕಾಗದದ ಚೂರು ಸಿಗ್ಸಿದ್ದು ಅಲ್ಲೇ ಅಲ್ವಾ?"

ತಮ್ಮಯ್ಯ ತಿರುಗಿ ನೋಡಿದ. "ಏನಂದೆ?"

"ಆಮೇಲೆ ಅವ್ರೇ ನಿಮ್ಗೆ ಯೋಳ್ಬುಟ್ರು, ನೀವು ನಕ್ಕು ಸುಮ್ಕಾದ್ರಿ ಅಂತ ನಂಗಂದಿದ್ರು..." ಅವಳು ಅವನ ಮುಖ ನೋಡಿದಳು. "ಯೋಳಿರ್ಲಿಲ್ವಾ?"

"ಇಲ್ಲ ಕಣವ್ವ."

ದಾಕ್ಷಾಯಣಮ್ಮ ಹೊಸ್ತಿಲ ಮೇಲೆ ಕುಸಿದಳು. "ಅಯ್ಯೋ ಶಿವನೇ, ನಂಗೂ ಸುಳ್ಳೇಳಿದ್ರಾ? ನೀವು ದೊಡ್ಡ ಮನಸ್ಸು ಮಾಡಿದ್ರಿ ಅಂತ ದಿನಾ ನಿಮ್ಮ ನೆನ್ಕಂಡು ಉಣ್ತಿದ್ನಲ್ಲಣ್ಣಾ."

ತಮ್ಮಯ್ಯ ಕೈಯಲ್ಲಿದ್ದ ಉಪ್ಪುಕಾಗದವನ್ನು ಮುದುರಿ ಎಸೆದ. ಅತ್ತು ಬೆನ್ನು ಸವರಿಸಿಕೊಂಡನಲ್ಲ ಅಯೋಗ್ಯ! ಬೆಲ್ಲ ತಿಂದನಲ್ಲ! ಮೋಸ ಹೋದವನೇ ಈಗ ಅವನ ಹೆಣ ಎತ್ತಿಸಲು ಅರಕಲಗೂಡಿಗೆ ಓಡಬೇಕೇ? ಕೊಳೆಯಲಿ ಬಿಡು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ಓಗ್ಬುಟ್ಟು ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ," ಎಂದಳು ಅವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

ತಮ್ಮಯ್ಯ ಮುಚ್ಚಳ ಹಾಕಿದ. ಪ್ಲಗ್ಗು ಬಿಗಿದು ಕಿಕ್ ಹೊಡೆದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

*

ನಾಲ್ಕು ಗಂಟೆಯ ಹೊತ್ತಿಗೆ ಅಯ್ಯನವರು ಬಂದಿಳಿದು, ಧೂಳು ಕೊಡವಿಕೊಂಡು ಒಳಗೆ ಹೋಗಿ, ಪಾಲಾಕ್ಷನ ತಲೆಯ ಮೇಲೆ ಪಾದವಿಟ್ಟರು.

"ಇನ್ನು ಯಾವ ಪಾಪನೂ ಇಲ್ಲ ನನ್ ಮಗನಿಗೆ," ಎಂದು ದೊಡ್ಡಯ್ಯ ಕೈಮುಗಿದ.

ಅಂಗಳದಲ್ಲಿ ತಮ್ಮಯ್ಯ ಗಾಡಿಯಿಂದ ಇಳಿದಿರಲಿಲ್ಲ. ಎಂಜಿನ್ನನ್ನೂ ಆರಿಸಿರಲಿಲ್ಲ.

"ಆರ್ಸಪ್ಪಾ, ಮಂತ್ರ ಕೇಳುಸ್ತಿಲ್ಲ," ಎಂದರು ಅಯ್ಯನವರು.

"ಲೇ, ತಿಂಗಳಿಗಿಷ್ಟೇ ಅಂತ ಅಳೆದು ಕೊಡೋ ಕೂಪನ್ನಿನ ಪೆಟ್ರೋಲು ಕಣ್ಲಾ, ಯಾಕ್ಲಾ ಸುಡ್ತೀಯ? ಬಾ, ಎಗಲು ಕೊಡು. ನಿನ್ ಗೆಳೆಯ ಅಲ್ವೇನ್ಲಾ!" ದೊಡ್ಡಯ್ಯ ಗದರಿದ.

ತಮ್ಮಯ್ಯ ಕೈಹಿಡಿಯನ್ನು ಇನ್ನಷ್ಟು ತಿರುವಿದ. ಎಂಜಿನ್ನು ಊರು ಅದುರುವಂತೆ ಅರಚಿತು. ದಾಕ್ಷಾಯಣಮ್ಮ ಒಬ್ಬಳು ಮಾತ್ರ ಅವನಿಗೆ ಸಾಕು ಎನ್ನಲಿಲ್ಲ.

ಕೊನೆಗೆ ಬೇರೊಬ್ಬ ಹೆಗಲು ಕೊಟ್ಟ. ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂತ ಪಾಲಾಕ್ಷ ಅಂಗಳ ದಾಟಿ ಗಾಡಿಯ ಹಿಂದೆ ಹಾದುಹೋಗಬೇಕಾಯಿತು. ಕೊಳವೆಯಿಂದ ಎದ್ದ ಕಪ್ಪು ಹೊಗೆ ಅವನ ಎದೆಗೆ, ಗದ್ದಕ್ಕೆ, ವಿಭೂತಿ ಬಳಿದ ಹಣೆಗೆ ಏರಿತು. ಹೊತ್ತವರು ಕೆಮ್ಮುತ್ತಾ ಓಡಿದರು. ತಮ್ಮಯ್ಯ ಹಿಂದಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ತಿರುವುತ್ತಲೇ ಇತ್ತು.