ಗ್ಯಾಲರಿಯ ಸಳಿಗಳು

ತೇರದಾಳದ ಅನಂತಪ್ಪನವರ ಮನೆಯ ಮೇಲಿನ ಅಂತಸ್ತಿಗೆ ಅಂದು ಸ್ಲ್ಯಾಬ್ ಹಾಕುವ ದಿನ. ಬೀದಿಯಲ್ಲಿ ಮಿಕ್ಸರ್ ಬಂದು ನಿಂತಿತ್ತು, ಹುನ್ನೂರಿನಿಂದ ಬಂದ ಆಳುಗಳು ಉಸುಕು ಸಾಣಿಸುತ್ತಿದ್ದರು, ಹಿತ್ತಲಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಅದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ, ಯಾರಿಗೂ ಬಡಿಸುವುದೂ ಇಲ್ಲ. ಹಾಗಾಗಿ ಬೆಳಕಿರುವಾಗಲೇ ಕೆಲಸ ಮುಗಿಸಿ ಆಳುಗಳಿಗೆ ಉಣಬಡಿಸಬೇಕೆಂದು ಅನಂತಪ್ಪ ಬೆಳಗಿನಿಂದ ಎಲ್ಲರ ಬೆನ್ನು ಹತ್ತಿದ್ದರು.

ಲೋಕಾಪುರದ ಗಂಡನ ಮನೆಯಿಂದ ಬಂದಿದ್ದ ಮಗಳು ಉಜ್ವಲಾ ಚಹಾ ಕೊಡಲೆಂದು ಮೇಲೆ ಹತ್ತಿದವಳು, ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಬೀದಿಯ ಕಡೆ ಚಾಚಿಕೊಂಡ ಗ್ಯಾಲರಿಯ ಕಾಂಕ್ರೀಟಿನೊಳಗೆ ಸೇರುವ ಕಬ್ಬಿಣದ ಸಳಿಗಳನ್ನು ಕೆಳಗಿನ ಹಲಗೆಗೆ ಹತ್ತಿಸಿ ಕಟ್ಟಿದ್ದರು. ಆಕೆ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಓದಿಸಿದವರು ಅನಂತಪ್ಪನವರೇ. "ನಮ್ಮ ಹುಡುಗಿ ಬಿ.ಇ. ಆಗ್ಯಾಳ್ರಿ" ಎಂದು ವರನ ಕಡೆಯವರ ಮುಂದೆ ಹೇಳುವಾಗ ಅವರ ಎದೆ ಉಬ್ಬುತ್ತಿತ್ತು. ಲಗ್ನವಾದ ಮೇಲೆ ಆ ಓದು ಏನಾಯಿತೆಂದು ಅವರೂ ಕೇಳಲಿಲ್ಲ, ಬೀಗರೂ ಕೇಳಲಿಲ್ಲ.

ಅವಳು ತಂದೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿವರಿಸಿದಳು. ಗೋಡೆಯಾಚೆ ಚಾಚಿದ ಸ್ಲ್ಯಾಬನ್ನು ಹಿಂದಕ್ಕೆ ಜಗ್ಗಿ ಹಿಡಿಯುವುದು ಮೇಲ್ಭಾಗದ ಸಳಿ. ಅದು ಕೆಳಗಿದ್ದರೆ ಇದ್ದೂ ಇಲ್ಲದ ಹಾಗೆ. "ಇವತ್ತ ಬ್ಯಾಡ ಅಪ್ಪಾ. ಬಿಚ್ಚಿ ಮತ್ತ ಕಟ್ಟಲಿ, ನಾಳೆ ಹಾಕೋಣ."

ಮಾತು ಮೇಸ್ತ್ರಿ ಲಗಮಪ್ಪನ ಕಿವಿಗೂ ಬಿತ್ತು. ಕೆಟ್ಟ ಮನುಷ್ಯನೇನಲ್ಲ, ಆ ಓಣಿಯ ಎಷ್ಟೋ ಮನೆ ಕಟ್ಟಿದವನು. "ಅಕ್ಕಾರ, ಪುಸ್ತಕದಾಗಿನ ಮನಿ ಬ್ಯಾರೆ, ತೇರದಾಳದಾಗಿನ ಮನಿ ಬ್ಯಾರೆ. ಹುಗ್ಗಿಗೆ ಬೆಲ್ಲ ಸಾಕಾತೇನ ನೋಡ್ಹೋಗ್ರಿ" ಎಂದು ನಕ್ಕ. ಆಳುಗಳೂ ನಕ್ಕರು.

ಅನಂತಪ್ಪ ಒಮ್ಮೆ ಸೂರ್ಯನ ಕಡೆ ನೋಡಿದರು. ಬಿಚ್ಚಿ ಕಟ್ಟುತ್ತ ಕುಳಿತರೆ ಹೊತ್ತು ಮುಳುಗುತ್ತದೆ, ಸ್ಲ್ಯಾಬ್ ಮುಗಿಯದೆ ಹುಗ್ಗಿ ಬಡಿಸುವ ರೂಢಿಯಿಲ್ಲ; ಇಷ್ಟು ಜನ ಮನೆ ಬಾಗಿಲಿನಿಂದ ಉಣ್ಣದೆ ಹೋಗುತ್ತಾರೆ. "ಲಗಮಪ್ಪ ನಿನ್ನೆ ಮೊನ್ನೆ ಕಲತಾಂವಲ್ಲವ್ವಾ. ನೀ ಕೆಳಗ ನಡಿ" ಎಂದರು.

ಉಜ್ವಲಾ ಇಳಿದಳು. ಬೆಳಕಿನಲ್ಲೇ ಸ್ಲ್ಯಾಬ್ ಮುಗಿಯಿತು, ಎಲ್ಲರೂ ಹೊಟ್ಟೆ ತುಂಬ ಉಂಡರು. ಹೊಸದಾಗಿ ಲಗ್ನವಾಗಿದ್ದ ದುರಗೇಶ ಎಂಬ ಆಳು ನಾಚಿಕೊಳ್ಳುತ್ತಲೇ ಮತ್ತಷ್ಟು ಹುಗ್ಗಿ ಕೇಳಿದಾಗ ಅವಳೇ ಬಡಿಸಿದಳು.

ಕೆಲವು ವಾರಗಳ ಮೇಲೆ ಸ್ಲ್ಯಾಬಿಗೆ ಆನಿಸಿದ್ದ ಹಲಗೆ-ಕಂಬಗಳ ಸೆಂಟ್ರಿಂಗ್ ಬಿಚ್ಚುವಾಗ, ಗ್ಯಾಲರಿಗೆ ಆಧಾರವಾಗಿದ್ದ ಕೊನೆಯ ಕಂಬವನ್ನು ಎಳೆದವನು ಅದೇ ದುರಗೇಶ. ಗೋಡೆಯ ಅಂಚಿಗೆ ಸರಿಯಾಗಿ ಮುರಿದು ಇಡೀ ಗ್ಯಾಲರಿ ಅವನ ಮೇಲೆ ಬಿತ್ತು. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಸತ್ತವನ ಮನೆಯವರನ್ನು ಮಾತನಾಡಿಸಿಕೊಂಡು ಬರಲು ಅನಂತಪ್ಪ ಹುನ್ನೂರಿಗೆ ಹೋದರು. ದುರಗೇಶನ ತಾಯಿ ಮುದಕವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಒಳಗೆ ಸೊಸೆ ಅಂಜನಾ ಗೋಡೆಗೆ ಮುಖ ಮಾಡಿದ್ದಳು. ಆಳುಗಳಿಂದ ಮುದಕವ್ವನಿಗೆ ಎಲ್ಲ ತಿಳಿದಿತ್ತು.

"ನಿಮ್ಮ ಮಗಳು ಮೊದಲ ಹೇಳಿದ್ಳಂತ. ಖರೆ ಏನ್ರಿ?"

"ಖರೆ ಐತಿ, ಯವ್ವಾ."

"ಮತ್ತ ಯಾಕ ಕೇಳಲಿಲ್ರಿ?"

ಊಟದ ಹೊತ್ತು ಮೀರುತ್ತಿತ್ತು ಎಂಬ ಉತ್ತರ ಆ ಮನೆಯ ಮುಂದೆ ಬಾಯಿಗೆ ಬರುವಂಥದ್ದಲ್ಲ.

"ಮಗ ಹೇಳಿದ್ರ ಕೇಳ್ತಿದ್ರಿ" ಎಂದಳು ಮುದಕವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ.

ಅಲ್ಲಿಂದ ಅವರು ತಮ್ಮ ಮನೆಗೆ ಹೋಗದೆ ಲೋಕಾಪುರದ ಬಸ್ಸು ಹತ್ತಿದರು. ಗ್ಯಾಲರಿ ಮತ್ತೆ ಕಟ್ಟುವುದಾದರೆ ಉಜ್ವಲಾ ನಿಂತು ನೋಡಬೇಕೆಂದು ಬೀಗರ ಮುಂದೆಯೇ ಕೇಳಿದರು. ಅಳಿಯ ನಿಶಾಂತ ಒಳ್ಳೆಯವನೇ, ಆದರೆ ಅಂಜಿದ. "ಗಂಡಾಳುಗಳ ನಡುವ ಆಕಿ ನಿಂತ್ರ ಮಂದಿ ಏನಂತಾರ ಮಾವಾರ?"

"ಮಂದಿ ಅವತ್ತ ನಕ್ಕರು. ನಾ ಆಕಿನ್ನ ಕೆಳಗ ಕಳಿಸಿದೆ."

ಬರಲೊಪ್ಪದವಳು ಉಜ್ವಲಾಳೇ. ಆ ಸಾವಿನ ಸುದ್ದಿ ಬಂದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. "ನಾ ಗಟ್ಟಿ ಹೇಳಬೇಕಿತ್ತು ಅಪ್ಪಾ. ಅವರು ನಕ್ಕಕೂಡ್ಲೇ ತಟ್ಟಿ ತಗೊಂಡು ಇಳದೆ. ಓದಿದ್ದು ನೆನಪೈತಿ, ಹೇಳೂ ರೂಢಿನ ತಪ್ಪೇತಿ."

ತಂದೆ ಬಿಡದೆ ಕೇಳಿದ ಮೇಲೆ ಕಡೆಗೆ ಬಂದಳು. ನಿಶಾಂತನೇ ಬೈಕಿನಲ್ಲಿ ಕರೆತಂದು, ಬೀದಿಯಲ್ಲಿ ನಿಂತ.

ಈ ಸಲ ಲಗಮಪ್ಪ ಸಳಿಗಳನ್ನು ಮೇಲೆಯೇ ಕಟ್ಟಿಸಿದ್ದ. ಉಜ್ವಲಾ ಬಗ್ಗಿ ಒಂದೊಂದನ್ನೂ ಒತ್ತಿ ನೋಡಿದಳು. ಆಳುಗಳು ತುಳಿದಾಡಿದ ಕಡೆ ಸಳಿಗಳು ಜಗ್ಗಿ ಮತ್ತೆ ಹಲಗೆಗೆ ಕೂತಿದ್ದವು. ಕೆಳಗೆ ಮಿಕ್ಸರ್ ಆಗಲೇ ತಿರುಗುತ್ತಿತ್ತು.

"ಇವತ್ತ ಬ್ಯಾಡ" ಎಂದಳು.

ಲಗಮಪ್ಪ ರೂಢಿಯಂತೆ ಅನಂತಪ್ಪನವರ ಮುಖ ನೋಡಿದ.

"ನನ್ನೇನ ನೋಡ್ತಿ? ಇಂಜಿನಿಯರ್ ಹೇಳ್ಯಾರಲ್ಲ" ಎಂದರು ಅನಂತಪ್ಪ.

ಲಗಮಪ್ಪ ಕೈ ಸನ್ನೆ ಮಾಡಿದ. ಮಿಕ್ಸರ್ ನಿಂತಿತು. ಈ ಸಲ ಯಾರೂ ನಗಲಿಲ್ಲ.

ಉಜ್ವಲಾ ಅಲ್ಲೇ ಗೋಡೆಯ ಮೇಲೆ ಕುಳಿತುಬಿಟ್ಟಳು. "ಅವತ್ತೂ ಇಷ್ಟ ಹೇಳಿದ್ದೆ ಅಪ್ಪಾ" ಎಂದಳು.

ಅನಂತಪ್ಪ ಮಗಳ ಪಕ್ಕದಲ್ಲಿ ಬಗ್ಗಿ, ಜಗ್ಗಿದ ಸಳಿಯೊಂದನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ, ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ಅವಳ ಮುಖವನ್ನೇ ನೋಡುತ್ತ ಕಾದರು.