ಅಂಗಡಿಯಲ್ಲಿ ಮಿಣುಕದ ಮೊಬೈಲು

ಗಜಾನನನಿಗೆ ಒಂದು ಕೆಟ್ಟ ಚಟವಿತ್ತು. ಗಿರಾಕಿ ಅರ್ಧ ಮಾತು ಆಡುವಷ್ಟರಲ್ಲಿ ಉಳಿದರ್ಧವನ್ನು ತಾನೇ ಆಡಿ ಮುಗಿಸಿ, ಮೊಬೈಲಿನ ಬೆನ್ನು ಬಿಚ್ಚಲು ಕೂತುಬಿಡುತ್ತಿದ್ದ. “ಚಾರ್ಜು...” ಅಂದರೆ “ಪಿನ್ನಿನ್ಯಾಗ ಧೂಳ ಕುಂತೈತಿ, ಕೊಡ್ರಿ ಇಲ್ಲೆ” ಅನ್ನುವನು. “ಆವಾಜು...” ಅಂದರೆ “ಸ್ಪೀಕರ್ ಹೋಗೇತಿ, ಸಂಜೀಕ ಬರ್ರಿ.” ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದೇ ಸರಿಯಾಗುತ್ತಿತ್ತು, ಅವನು ಕೆಟ್ಟದ್ದೂ ಅದರಿಂದಲೇ. ಘಟಪ್ರಭಾದ ಬಸ್ ನಿಲ್ದಾಣದ ಎದುರು ಹದಿನಾಲ್ಕು ವರ್ಷ ಮೊಬೈಲು ರಿಪೇರಿ ಮಾಡಿದವನು. ಅರಭಾವಿ ಕಾಲೇಜಿನ ಹುಡುಗರು ಬಸ್ಸಿಳಿದು “ಸರ್, ಸರ್” ಎಂದು ಹುಡುಕಿಕೊಂಡು ಬರುತ್ತಿದ್ದರು. ಅಂಥವನಿಗೆ ಮಂದಿಯ ಪೂರ್ತಿ ಮಾತು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ಆ ಹತ್ತನೆಯ ಸಲವಾಗಿ ಬಂದು ಗಂಟುಬಿದ್ದವಳು ಧುಪದಾಳದ ಚನ್ನವ್ವ.

ಮೊದಲ ಸಲ ಬಂದಾಗ ಆಕೆ, “ತಮ್ಮಾ, ವಿಡಿಯೋ ಕಾಲ್ ಮಾಡಿದ್ರ ಸ್ಕ್ರೀನು ಮಿಣಕ್ ಮಿಣಕ್ ಅಂತೈತಿ. ನಾ ಮಗಳ ಜೋಡಿ...” ಎಂದು ಶುರು ಮಾಡಿದ್ದಳು. “ಡಿಸ್ಪ್ಲೇ ಪಟ್ಟಿ ಸಡ್ಲ ಆಗೇತಿ” ಅಂದ ಗಜಾನನ. ಬಿಚ್ಚಿದ, ಪಟ್ಟಿಯನ್ನು ಒತ್ತಿ ಕೂರಿಸಿದ, ಕೊಟ್ಟು ಕಳಿಸಿದ. ಮುಂದಿನ ಸೋಮವಾರ ಮತ್ತೆ ಬಂದಳು. ಹಾಗಾದರೆ ಡಿಸ್ಪ್ಲೇನೇ ಹಾಳಾಗಿದೆ ಎಂದು ಗೋಕಾಕದಿಂದ ಹೊಸದನ್ನು ತರಿಸಿ ಹಾಕಿದ. ಅದರ ಮುಂದಿನ ಸೋಮವಾರ ಮತ್ತೆ ಹಾಜರು. ಒಳಗಿದ್ದದ್ದನ್ನೆಲ್ಲ ಅಳಿಸಿ ಸಾಫ್ಟ್‌ವೇರ್ ಹೊಸದಾಗಿ ಹಾಕಿದ. ಮೇಲಿನ ಗಾಜು ಕಿತ್ತೆಸೆದ. ಚಾರ್ಜರನ್ನು ಬೈದ, ಕರೆಂಟನ್ನು ಬೈದ, ಒದ್ದೆ ಕೈಯಿಂದ ಮುಟ್ಟುತ್ತೀರಿ ಎಂದು ಆಕೆಯನ್ನೂ ಬೈದ.

ತಲೆ ಕೆಡಿಸಿದ್ದು ಏನೆಂದರೆ, ಅಂಗಡಿಯಲ್ಲಿ ಆ ಮೊಬೈಲು ಒಂದು ಸಲವೂ ಮಿಣುಕಲಿಲ್ಲ. ತನ್ನ ಮೊಬೈಲಿನಿಂದ ಅದಕ್ಕೆ ವಿಡಿಯೋ ಕಾಲ್ ಮಾಡಿ, ಎರಡೂ ಪರದೆಗಳಲ್ಲಿ ತನ್ನದೇ ಮುಖ ನೋಡಿಕೊಳ್ಳುತ್ತ ಹುಚ್ಚನ ಹಾಗೆ ಹತ್ತು ನಿಮಿಷ ಕೂತಿದ್ದ. ಶಾಲೆಗೆ ಹೋಗುವ ಜಾಣ ಹುಡುಗನಂತೆ ಅದು ಸುಮ್ಮನೆ ಬೆಳಗುತ್ತಲೇ ಇತ್ತು. ಆಕೆ ಮನೆಗೆ ಒಯ್ದಳೋ, ಮತ್ತೆ ಅದೇ ರಾಗ.

ಹೀಗಾಗಿ ಆ ಭಾನುವಾರ ಮಧ್ಯಾಹ್ನ ಮೂರೂವರೆಗೆ ಚನ್ನವ್ವ ಟಂಟಂ ರಿಕ್ಷಾ ಇಳಿದು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಅಂಗಡಿಯತ್ತ ಬರುವುದು ಕಂಡಾಗ ಗಜಾನನನ ಪಿತ್ತ ನೆತ್ತಿಗೇರಿತು. ಶಟರ್ ಎಳೆದು ಒಳಗೆ ಕೂತುಬಿಡಲೇ ಎಂದು ಒಂದು ಗಳಿಗೆ ಖರೆಯಾಗಿಯೂ ಯೋಚಿಸಿದ.

“ಮತ್ತ ಮಿಣಕತೈತೇನ್ರಿ?” ಆಕೆ ಮೆಟ್ಟಿಲು ಹತ್ತುವ ಮೊದಲೇ ಕೇಳಿದ.

“ಇವತ್ತ ಇನ್ನೂ ಹಚ್ಚಿಲ್ಲ, ಹಚ್ಚಿದ್ರ ಮಿಣಕತೈತಿ. ನಿನ್ನಿ ಹುಕ್ಕೇರಿಗೆ ಒಯ್ದು ಒಬ್ಬವಗ ತೋರಿಸಿದೆ. ಇದಕ್ಕೇನೂ ಆಗಿಲ್ಲ, ಘಟಪ್ರಭಾದಾವಗ ಬ್ಯಾರೆ ಕೆಲಸ ಇಲ್ಲೇನು ಅಂದ.”

ಈ ಮಾತು ಗಜಾನನನಿಗೆ ಮೆಣಸಿನಕಾಯಿ ಇಟ್ಟಂತಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲೆ ಕುಕ್ಕಿದ.

“ನೋಡ್ರಿ ಅಕ್ಕಾರ, ನಿಮಗ ಕೈ ಮುಗೀತೇನಿ. ಮೊಬೈಲಿಗೆ ಏನೂ ಆಗಿಲ್ಲ. ಆಗಿದ್ರ ನಿಮ್ಮ ಕಣ್ಣಿಗೆ ಆಗಿರಬೇಕು. ದವಾಖಾನಿಗೆ ಹೋಗಿ ತೋರಿಸ್ರಿ.”

ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಚನ್ನವ್ವ ಬೆಂಚಿನ ಮೇಲೆ ಕುಸಿದು ಕೂತಳು.

“ಇವತ್ತೊಂದ ದಿನ ನೋಡಪಾ. ನಾಕು ಗಂಟೇಕ ನನಗ ಮಗಳ ಮಾತು ಬೇಕ. ಮೂಡಲಗಿ ಕಡಿಂದ ಹುಡುಗನ ಮನಿಯವರು ಕೇಳಾಕತ್ತಾರ. ಸಂಜೀಕ ಹೂಂ ಅಂತ ಹೇಳಿ ಬಿಡತೇನಿ ಅಂತ ನನ್ನ ಮೈದುನ ಪರಪ್ಪ ತಯಾರಾಗಿ ಕುಂತಾನ. ಆಕಿ ಹೂಂ ಅಂದಳೋ ಉಹೂಂ ಅಂದಳೋ, ಮೂರು ಐತಾರ ಕೇಳಿದ್ರೂ ನನಗ ಕಾಣಲಿಲ್ಲ. ಆಕಿ ಹೇಳೂ ಹೊತ್ತಿಗೇ ಇದು ಕತ್ತಲ ಆಗತೈತಿ.”

ಮಗಳು ಶಿವಾನಿ ಬೆಳಗಾವಿಯ ಹಾಸ್ಟೆಲ್ಲಿನಲ್ಲಿದ್ದು ಕಂಪ್ಯೂಟರ್ ಕಲಿಯುತ್ತಿದ್ದಳು. ಅಲ್ಲಿ ಹುಡುಗಿಯರ ಮೊಬೈಲುಗಳನ್ನು ವಾರವಿಡೀ ತೆಗೆದಿಟ್ಟು, ಭಾನುವಾರ ನಾಲ್ಕರಿಂದ ಐದರವರೆಗೆ ಮಾತ್ರ ಕೈಗೆ ಕೊಡುತ್ತಿದ್ದರು. ಇಷ್ಟನ್ನು ಚನ್ನವ್ವ ಹೇಳಿದಳು. ಗಜಾನನ ಕೇಳಿದ, ಆದರೆ ಕೇಳಿದಷ್ಟೇ ವೇಗದಲ್ಲಿ ಬಾಯಿ ಹಾಕಿದ.

“ಮಾತು ಬೇಕಂದ್ರ ಮಾತಾಡ್ರಿ! ಸ್ಪೀಕರ್ ಗಟ್ಟಿ ಐತಿ, ಆವಾಜ ಬಸ್‌ಸ್ಟ್ಯಾಂಡಿನ ತನಕ ಕೇಳತೈತಿ. ಹೂಂ ಅನ್ನಾಕ, ಉಹೂಂ ಅನ್ನಾಕ ಸ್ಕ್ರೀನ್ ಯಾಕ ಬೇಕ್ರಿ? ಮಾರಿ ನೋಡದ ಇದ್ರ ಮಗಳು ಕರಗಿ ಹೋಗ್ತಾಳೇನು?”

ಚನ್ನವ್ವ ತಲೆ ತಗ್ಗಿಸಿ ಸೆರಗಿನ ಅಂಚನ್ನು ತಿರುವಿದಳು.

“ಆಕಿಗೆ ಕೇಳಾಂಗಿಲ್ಲ ತಮ್ಮಾ. ಹುಟ್ಟಿದಾಗಿಂದ. ಬಾಯಿ ಮಾತೂ ಬರಾಂಗಿಲ್ಲ. ನಮ್ಮದು ತಾಯಿ ಮಗಳದ್ದು ಎಲ್ಲಾ ಕೈ ಮಾತು.”

ಗಜಾನನ ಆಕೆಯ ಕೈಗಳತ್ತ ನೋಡಿದ. ಆದರೆ ಮೂರು ವಾರದ ಸಿಟ್ಟು ಅಷ್ಟು ಬೇಗ ಇಳಿಯುವುದಿಲ್ಲವಲ್ಲ.

“ಇದನ್ನ ಮೊದಲ ಯಾಕ ಹೇಳಲಿಲ್ರಿ?”

“ನೀ ಎಲ್ಲಿ ಹೇಳಗೊಟ್ಟಿ? ನಾ ಬಾಯಿ ತಗದ್ರ ನೀ ಮೊಬೈಲ್ ಬಿಚ್ಚತಿದ್ದಿ.”

ಗಜಾನನ ಇನ್ನೂ ಸಿಡುಕಾಗಿ, “ಬರದು ಕಳಸು ಅನ್ರಿ ಆಕಿಗೆ. ಕಂಪ್ಯೂಟರ್ ಕಲಿಯಾಕಿ ಅಂದ್ರ ಬರಿಯಾಕ ಬರತೈತಿಲ್ಲೋ?” ಅಂದ.

“ಆಕಿಗೆ ಬರತೈತಿ, ನನಗ ಓದಾಕ ಬರೂದಿಲ್ಲ. ಪರಪ್ಪನ ಕಡೆ ಓದಿಸಬೇಕು. ಅವ, ಆಕಿ ಏನ ಬರದ್ರೂ ಹೂಂ ಅಂದಾಳ ಅಂತನ ಓದತಾನ.”

ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಗಜಾನನ ತಲೆ ಕೆರೆದುಕೊಂಡ. ಇನ್ನೇನು ಬಿಚ್ಚುವುದು ಉಳಿದಿತ್ತು ಅದರಲ್ಲಿ? ಬಿಚ್ಚಿದರೂ ಐದು ನಿಮಿಷದಲ್ಲಿ ಕೂಡಿಸುವುದು ಆಗದ ಮಾತು. ಕೊನೆಗೆ, ಹದಿನಾಲ್ಕು ವರ್ಷದಲ್ಲಿ ಯಾವ ಗಿರಾಕಿಗೂ ಹೇಳದ ಮಾತನ್ನು ಹಲ್ಲು ಕಡಿಯುತ್ತ ಹೇಳಿದ.

“ಮನ್ಯಾಗ ಹೆಂಗ ಮಾತಾಡತೀರಿ, ಹಂಗ ಇಲ್ಲಿ ಮಾತಾಡ್ರಿ. ನಾ ಕುಂತು ನೋಡತೇನಿ.”

ಚನ್ನವ್ವ ಬೆಂಚನ್ನು ಟೇಬಲ್ಲಿನ ಹತ್ತಿರ ಎಳೆದುಕೊಂಡಳು. ಸ್ಕ್ರೂ ತುಂಬಿದ ಡಬ್ಬಿಗೆ ಮೊಬೈಲನ್ನು ಒರಗಿಸಿ ನಿಲ್ಲಿಸಿ, ಕಣ್ಣು ಮಂಜಾದ್ದರಿಂದ ಮೊಳದಷ್ಟು ಹತ್ತಿರಕ್ಕೆ ಬಾಗಿ, ರಸ್ತೆಗೆ ಬೆನ್ನು ಹಾಕಿ ಕೂತಳು. ಮನೆಯಲ್ಲೂ ಹೀಗೇ, ಬಾಗಿಲಿಗೆ ಬೆನ್ನು ಮಾಡಿ ಕೂಡುವುದಂತೆ. ಗಜಾನನ ತನ್ನ ಸ್ಟೂಲನ್ನು ಆಕೆಯ ಬೆನ್ನ ಹಿಂದೆ ಒಂದು ಬದಿಗೆ ಹಾಕಿಕೊಂಡು ಕೂತ. ಆಕೆಯ ಹೆಗಲ ಮೇಲಿಂದ ಹಾಯ್ದ ಇಳಿಬಿಸಿಲು ಮೊಬೈಲಿನ ಮೇಲೆ ಬಿದ್ದಿತ್ತು. ನಾಲ್ಕಕ್ಕೆ ಸರಿಯಾಗಿ ಶಿವಾನಿ ಪರದೆಯಲ್ಲಿ ಕಂಡಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ದೊಡ್ಡ ಕಣ್ಣು, ಹುಬ್ಬು ಗಂಟಿಕ್ಕಿಕೊಂಡೇ ಬಂದಿದ್ದಳು.

ಚನ್ನವ್ವನ ಕೈಗಳು ಎದ್ದವು. ಅಯ್ಯಯ್ಯೋ, ಅವೇನು ಕೈಗಳು! ಮೂರು ವಾರ ಬೆಂಚಿನ ತುದಿಯಲ್ಲಿ ಮುದುಡಿ ಕೂತ ಹೆಂಗಸು ಇವಳೇನಾ ಎಂದು ಗಜಾನನ ಬಾಯಿ ತೆರೆದ. ಗಲ್ಲ ಮುಟ್ಟುವುದು, ಹಣೆ ಮುಟ್ಟುವುದು, ಬಳೆ ಸದ್ದು ಮಾಡುತ್ತ ಗಾಳಿಯಲ್ಲಿ ಸುತ್ತು ಹಾಕುವುದು. ಒಂದು ಮುಗಿಯುವ ಮೊದಲೇ ಇನ್ನೊಂದು.

ಪರದೆ ಮಿಣುಕಿತು.

“ಮಿಣಕ್ತು!” ಗಜಾನನ ಹಬ್ಬ ಬಂದವನಂತೆ ಎದ್ದು ನಿಂತ. “ಮಿಣಕ್ತು ನೋಡ್ರಿ! ಮತ್ತ ಮಿಣಕ್ತು!”

“ಅದನ್ನ ಮೂರು ವಾರದಿಂದ ಹೇಳಾಕತ್ತೇನಿ” ಅಂದಳು ಚನ್ನವ್ವ ಅಳುದನಿಯಲ್ಲಿ. ಕೈ ಕೆಳಗಿಳಿಸಿದಳು. ಪರದೆ ಫಳ್ಳನೆ ಬೆಳಗಿತು.

ಗಜಾನನನ ಬಾಯಿ ಅಲ್ಲೇ ಮುಚ್ಚಿತು. “ಇನ್ನೊಮ್ಮೆ ಕೈ ಎತ್ರಿ.” ಎತ್ತಿದಳು, ಮಬ್ಬಾಯಿತು. “ಇಳಸ್ರಿ.” ಇಳಿಸಿದಳು, ಬೆಳಗಿತು. ಅವನು ತನ್ನ ಅಂಗೈಯನ್ನು ಮೊಬೈಲಿನ ನೆತ್ತಿಗೆ ಅಡ್ಡ ಹಿಡಿದ, ಪರದೆ ಕಪ್ಪಾಯಿತು. ತೆಗೆದ, ಬಂತು. ಅವನಿಗೆ ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಸುತ್ತಲಿನ ಬೆಳಕನ್ನು ಅಳೆಯುವ ಒಂದು ಸಣ್ಣ ಕಣ್ಣು ಮೊಬೈಲಿನ ನೆತ್ತಿಯಲ್ಲಿರುತ್ತದೆ. ಬಿಸಿಲಿದ್ದರೆ ಪರದೆಯ ಹೊಳಪನ್ನು ಹೆಚ್ಚಿಸುತ್ತದೆ, ಕತ್ತಲಾದರೆ ಇಳಿಸುತ್ತದೆ. ಚನ್ನವ್ವ ಕೈ ಎತ್ತಿದಾಗಲೆಲ್ಲ ಅದರ ಮೇಲೆ ನೆರಳು ಬಿದ್ದು, ರಾತ್ರಿಯಾಯಿತೆಂದು ತಿಳಿದು ಅದು ದೀಪ ಇಳಿಸುತ್ತಿತ್ತು. ಕೈ ಇಳಿದರೆ ಬೆಳಗಾಯಿತೆಂದು ಏರಿಸುತ್ತಿತ್ತು. ಗಜಾನನ ತಾನು ಪರೀಕ್ಷೆ ಮಾಡುವಾಗ ಕೈಕಟ್ಟಿ ಕೂತು ತನ್ನ ಮುಖ ನೋಡಿಕೊಂಡವನು, ಅವನಿಗೆ ಎಲ್ಲಿ ಮಿಣುಕಬೇಕು? ಹೊಸ ಡಿಸ್ಪ್ಲೇ ಹಾಕಿದ್ದು ದಂಡ, ಸಾಫ್ಟ್‌ವೇರ್ ಅಳಿಸಿದ್ದು ದಂಡ, ಬೈದ ಬೈಗುಳವೆಲ್ಲ ದಂಡ. ‘ಕೈಯಿಂದ ಮಾತಾಡತೇವಿ’ ಅನ್ನುವ ಒಂದೇ ಒಂದು ಮಾತನ್ನು ಮೊದಲ ದಿನ ಪೂರ್ತಿ ಕೇಳಿದ್ದರೆ ಸಾಕಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಬೆರಳಿನಿಂದ ಪರದೆಯನ್ನು ಮೇಲಿಂದ ಕೆಳಗೆ ಎಳೆದು, ಹೊಳಪು ತಾನಾಗಿ ಬದಲಾಗುವಂತೆ ಮಾಡುವ ಗುಂಡಿಯನ್ನು ಬಂದ್ ಮಾಡಿದ. ಅಷ್ಟೇ ಕೆಲಸ. ಸ್ಕ್ರೂಡ್ರೈವರೂ ಬೇಕಾಗಲಿಲ್ಲ.

“ಮಾತಾಡ್ರಿ ಈಗ” ಅಂದ ತಗ್ಗಿದ ದನಿಯಲ್ಲಿ.

ಚನ್ನವ್ವ ಕೈ ಎತ್ತಿದಳು. ಪರದೆ ಮಿಸುಕಲಿಲ್ಲ. ಆದರೆ ಆಕೆಯ ಮಾತು ಮುಂದುವರಿಯುವ ಮೊದಲೇ ಶಿವಾನಿ ಅಂಗೈಯನ್ನು ಮುಂದೆ ಚಾಚಿ ತಡೆದಳು. ಆಮೇಲೆ ಎರಡು ಕೈಯಿಂದ ಚುರುಕಾಗಿ ಏನೋ ಹೇಳಿದಳು. ಮಗಳ ಕೈ ಓದುವಾಗ ಬಾಯಿಂದಲೂ ಆಡಿಬಿಡುವುದು ಚನ್ನವ್ವನ ರೂಢಿ.

“ಅವ್ವಾ, ನೀ ಮೊದಲ ಸುಮ್ಮ ಕುಂದ್ರು. ಮೂರು ವಾರ ಆತು, ನೀ ಕೈ ಇಳಸವಲ್ಲಿ. ಹುಡುಗ ಚೊಲೋ ಅದಾನ, ಮನಿ ಚೊಲೋ ಐತಿ, ಅದನ್ನ ಹೇಳತಿ. ನಾ ಕೇಳೂದು ಕೇಳವಲ್ಲಿ.” ಚನ್ನವ್ವನ ದನಿ ಸಣ್ಣದಾಯಿತು. ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಶಿವಾನಿ ಒಂದು ಬೆರಳು ಎತ್ತಿ, ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಕಲಿಸುವಂತೆ ಒಂದೊಂದೇ ಗುರುತು ಮಾಡಿದಳು.

“ಆ ಹುಡುಗಗ... ಕೈ ಮಾತು... ಬರತೈತೇನು?”

ಚನ್ನವ್ವ ಮಗಳನ್ನೇ ನೋಡುತ್ತಿದ್ದಳು. ಹೊಲ ಕೇಳಿದ್ದರು, ಮನೆ ಕೇಳಿದ್ದರು, ಹುಡುಗನ ಎತ್ತರ ಕೇಳಿದ್ದರು. ಇದನ್ನು ಪರಪ್ಪ ಕೇಳಿರಲಿಲ್ಲ, ತಾಯಿಯಾದ ತಾನೂ ಕೇಳಿರಲಿಲ್ಲ. ಆಕೆಯ ಕಣ್ಣು ತುಂಬಿ ಬಂದವು.

ಶಿವಾನಿಯ ಕಣ್ಣು ಈಗ ತಾಯಿಯ ಬೆನ್ನ ಹಿಂದೆ ಇಣುಕುತ್ತಿದ್ದ ಗಜಾನನನ ಮೇಲೆ ಬಿತ್ತು. ಏನೋ ಕೇಳಿದಳು. ಚನ್ನವ್ವ ಕಣ್ಣು ಒರೆಸಿಕೊಂಡು, “ರಿಪೇರಿ ಮಾಡಾವ” ಎಂದು ಕೈಯಿಂದ ಹೇಳಿ ಗುಂಡಿಯ ಸಂಗತಿ ತಿಳಿಸಿದಳು. ಶಿವಾನಿ ಮೂರು ಬೆರಳು ಎತ್ತಿ, ಹುಬ್ಬು ಹಾರಿಸಿದಳು.

“ಇಷ್ಟಕ್ಕ ಮೂರು ವಾರ ಬೇಕಾದ್ವೇನು ಅಂತ ಕೇಳಾಕತ್ತಾಳ.”

ಗಜಾನನ ಎರಡೂ ಕಿವಿ ಹಿಡಿದುಕೊಂಡ. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ. ಆಮೇಲೆ ತನ್ನ ಮೊಬೈಲನ್ನು ಚನ್ನವ್ವನ ಕೈಗೆ ಕೊಟ್ಟ. “ಆಕಿ ಕಾಲ್ ಕಟ್ ಮಾಡಬ್ಯಾಡ್ರಿ. ನಿಮ್ಮ ಮೈದುನಗ ಇದರಿಂದ ಹಚ್ರಿ.”

ಚನ್ನವ್ವ ನಂಬರು ಒತ್ತಿ “ನಾ” ಅನ್ನುವಷ್ಟರಲ್ಲಿ ಪರಪ್ಪನ ದನಿ ಸ್ಪೀಕರಿನಿಂದ ಅಂಗಡಿ ತುಂಬಿತು. “ಏನಂದ್ಲು ವೈನಿ? ಹೂಂ ಅಂದಿರಬೇಕು. ನಾ ಮೊದಲ ಹೇಳಿದ್ದೆ. ನಾ ಈಗ ಮೂಡಲಗಿಗೆ ಹಚ್ಚಿ...”

“ಪರಪ್ಪಾ, ತಡಿ. ಹುಡುಗಗ ಕೈ ಮಾತು ಬರತೈತೇನು, ಕೇಳಿ ಹೇಳು.”

“ಇದನ್ಯಾರು ಕೇಳತಾರ? ಹುಡುಗಿಗೆ ಬಾಯಿ ಇಲ್ಲಂತ ಗೊತ್ತಿದ್ದೂ ಒಪ್ಯಾರ. ಅದ ನಮಗ ದೊಡ್ಡ ಉಪಕಾರ.”

ಗಜಾನನನಿಗೆ ಫೋನು ಕಸಿದುಕೊಂಡು ನಾಲ್ಕು ಬಿಗಿಯಬೇಕು ಅನ್ನಿಸಿತು. ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡ. ಈ ಮಾತು ಚನ್ನವ್ವನದು.

“ಉಪಕಾರ ಬ್ಯಾಡ” ಅಂದಳು ಆಕೆ. ದನಿ ಏರಲಿಲ್ಲ. “ಆಕಿ ಮುಂದ ಕುಂತು ಜನ್ಮಪೂರ್ತಿ ಸುಮ್ಮ ಇರಾಂವ ಬ್ಯಾಡ. ಕೈ ಮಾತು ಬರದಿದ್ರ ಕಲತು ಬರ್ಲಿ, ಬಂದು ಆಕಿನ್ನ ಕೇಳಲಿ. ಅಲ್ಲೀತನಕ ನನ್ನ ಮನಿಯಿಂದ ಹೂಂ ಇಲ್ಲ. ನೀನೂ ಹೇಳಬ್ಯಾಡ.” ಮತ್ತೆ ಅವನು ಶುರು ಮಾಡುವ ಮೊದಲೇ ಫೋನು ಇಟ್ಟಳು.

ಪರದೆಯಲ್ಲಿ ಶಿವಾನಿ ತಾಯಿಯ ತುಟಿಗಳನ್ನೇ ನೋಡುತ್ತ ಕಾದಿದ್ದಳು. ಚನ್ನವ್ವ ಎರಡೂ ಕೈ ಎತ್ತಿ, ಆಡಿದ್ದನ್ನೆಲ್ಲ ಮಗಳಿಗೆ ಹೇಳಿದಳು, ಒಂದನ್ನೂ ಬಿಡದೆ. ಶಿವಾನಿ ಮುಖ ಮುಚ್ಚಿಕೊಂಡಳು. ಹೆಗಲು ಅಲುಗಿದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗಜಾನನನಿಗೆ ತಿಳಿಯಲಿಲ್ಲ. ಮುಖದಿಂದ ಕೈ ತೆಗೆದು ಮತ್ತೆ ಏನೋ ಹೇಳತೊಡಗಿದಳು, ಈ ಸಲ ಉದ್ದಕ್ಕೆ.

“ಏನಂತಾಳ್ರಿ ಅಕ್ಕಾರ? ಖುಷಿ ಆಗೇತಿ ಅಂತ...”

ಚನ್ನವ್ವ ತಿರುಗಿ ನೋಡಲೂ ಇಲ್ಲ. ಅಂಗೈಯನ್ನು ಹಿಂದಕ್ಕೆ ಚಾಚಿ ಅವನನ್ನು ತಡೆದಳು.

“ತಡಿಯಪಾ. ಆಕಿ ಮಾತು ಇನ್ನೂ ಮುಗಿದಿಲ್ಲ.”